ಅವಳ ಗುಳಿಗೆ, ನನ್ನ ಟೇಪು

ಸ್ಟೀರಾಯ್ಡ್ ಎಂದರೆ ಪೈಲ್ವಾನರ ಆಹಾರ ಎಂದೇ ನಾನು ಬಹುಕಾಲ ನಂಬಿದ್ದೆ. ತಪ್ಪು ನನ್ನದಲ್ಲ. ನಮ್ಮ ಬೀದಿಯ ಜಿಮ್ಮಿನ ಒಡೆಯ ನನ್ನ ಹೊಲಿಗೆ ಅಂಗಡಿಗೆ ಬಂದಾಗಲೆಲ್ಲ ಅವನ ಕೋಟಿನ ತೋಳು ಬಿಚ್ಚಿ ಅಗಲ ಮಾಡಬೇಕಾಗುತ್ತಿತ್ತು. ಏನು ತಿಂತೀರಿ ಎಂದು ಕೇಳಿದ್ದಕ್ಕೆ ಆಚೀಚೆ ನೋಡಿ ಆ ಹೆಸರನ್ನು ಪಿಸುಗುಟ್ಟಿದ್ದ. ಹೀಗಿರುವಾಗ, ಮಗುವಾಗಲೆಂದು ಚಿಕಿತ್ಸೆ ಪಡೆಯುತ್ತಿದ್ದ ನನ್ನ ಹೆಂಡತಿಗೆ ಡಾಕ್ಟರಮ್ಮ ಕೆಲವು ದಿನಗಳ ಮಟ್ಟಿಗೆ ಅದೇ ಗುಳಿಗೆ ಬರೆದುಕೊಟ್ಟರೆ ನನ್ನ ಎದೆ ಧಸಕ್ಕೆನ್ನದೆ ಇದ್ದೀತೆ? ಮಾತಿನಲ್ಲಿ ಮೊದಲೇ ನಾನು ಅವಳಿಗೆ ಸಾಟಿಯಲ್ಲ. ಇನ್ನು ತೋಳ್ಬಲವೂ ಅವಳದೇ ಆದರೆ ಗಂಡನೆಂಬ ಪ್ರಾಣಿಗೆ ಉಳಿಯುವುದೇನು?

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಒಳಗಿಡೋ ಭ್ರೂಣಾನ ನಿಮ್ಮ ಮೈ ಹೊರಗಿನವರು ಅಂದ್ಕೊಂಡು ಓಡಿಸಬಾರದಲ್ಲ, ಅದಕ್ಕೆ ಮೈಯ ಕಾವಲುಗಾರರನ್ನ ಸ್ವಲ್ಪ ಸುಮ್ಮನಿರಿಸೋ ಪ್ರಯತ್ನ. ಎಲ್ಲರಿಗೂ ಕೊಡಲ್ಲ, ಖಾತ್ರಿನೂ ಇಲ್ಲ. ಬೆಳಿಗ್ಗೆ ತಿಂಡಿ ಆದಮೇಲೆ ತಗೊಳ್ಳಿ. ಹಸಿವು ಜಾಸ್ತಿ ಆಗಬಹುದು, ಕೂತಲ್ಲಿ ಕೂರೋಕಾಗದೆ ಇರಬಹುದು. ನನ್ನನ್ನ ಕೇಳದೆ ನಿಲ್ಲಿಸಬೇಡಿ."

ಹಿಂದೆ ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಇದೇ ಕೊನೆಯ ಸಲ ಎಂದು ಒಪ್ಪಿಕೊಂಡಿದ್ದೆವು (ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಅಷ್ಟೆ).

ಕೂತಲ್ಲಿ ಕೂರಲಾಗದಿರುವುದು ಎಂದರೇನೆಂದು ಬೇಗನೆ ತಿಳಿಯಿತು. ನನ್ನ ಹೆಂಡತಿ ಶಾಲೆಯಲ್ಲಿ ಭೂಗೋಳ ಕಲಿಸುವವಳು. ರಜೆ ಹಾಕಿದ್ದರಿಂದ ಮನೆಯ ಭೂಪಟವನ್ನೇ ತಿದ್ದತೊಡಗಿದಳು. ಬೆರಳು ತೋರಿಸುವುದು ಅವಳು, ಎತ್ತುವುದು ನಾನು. ಮಂಚ ಪಶ್ಚಿಮಕ್ಕೆ ವಲಸೆ ಹೋಯಿತು. ಬೀರು ಕಿಟಕಿಗೆ ಅಡ್ಡವಾಗಿ ಪರ್ವತದಂತೆ ನಿಂತಿತು. ಒಂದು ಮಧ್ಯಾಹ್ನ ಹಳೆಯ ಅಭ್ಯಾಸದಂತೆ ಕುರ್ಚಿಯಿದ್ದ ಜಾಗದಲ್ಲಿ ಕೂರಲು ಹೋಗಿ ಅಂಗಾತ ನೆಲ ಸೇರಿದೆ.

"ಎದ್ದಮೇಲೆ ಆ ಮೇಜನ್ನ ಸ್ವಲ್ಪ ಎಡಕ್ಕೆ ತಳ್ಳಿ."

"ನಿನ್ನೆ ತಾನೇ ಎಡದಿಂದ ಬಲಕ್ಕೆ ತಂದಿದ್ದು."

"ನಿನ್ನೆ ಬೇರೆ ಥರ ಅನ್ನಿಸಿತ್ತು."

"ಸ್ವಲ್ಪ ಹೊತ್ತು ಮಲಕ್ಕೋಬಾರದಾ?"

"ಮಲಗಿದ್ರೆ ಯೋಚನೆ ಬರುತ್ತೆ. ತಳ್ಳಿ."

ತಳ್ಳಿದೆ.

ಹಸಿವಿನ ಕಥೆಯೂ ಅಷ್ಟೆ. ಒಬ್ಬಳೇ ತಿನ್ನಲು ಸಂಕೋಚಪಟ್ಟಾಳೆಂದು, ಪತಿಧರ್ಮ ಪರಿಪಾಲನಾರ್ಥ ನಾನೂ ಜೊತೆಗೆ ಕೂತೆ. ಅವಳಿಗೊಂದು ಮೊಟ್ಟೆ, ನನಗೊಂದು ಮೊಟ್ಟೆ. ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಅವಳು ಅರ್ಧಕ್ಕೇ ಬಿಟ್ಟು ಕಪಾಟು ಜೋಡಿಸಲು ಎದ್ದರೆ, ಉಳಿದರ್ಧದ ಹೊಣೆಯೂ ನನ್ನದೇ. (ತ್ಯಾಗವನ್ನು ಹೇಳಿಕೊಳ್ಳಬಾರದು. ಆದರೂ ಹೇಳಿದ್ದೇನೆ.)

ಇದರ ನಡುವೆ ನನ್ನ ಗುಪ್ತ ಸಂಶೋಧನೆಯೊಂದು ಸಾಗಿತ್ತು. ನಾನು ದರ್ಜಿ. ಅದರಲ್ಲೂ ಕೋಟುಗಳ ದರ್ಜಿ. ಊರಿನ ವಕೀಲರ ಹೊಟ್ಟೆಗಳ ಬಗ್ಗೆ ಪರಮಸತ್ಯ ಬಲ್ಲವನು ನಾನೊಬ್ಬನೇ. "ನಿನಗೊಂದು ಹೊಸ ಕೋಟು ಹೊಲೀತೀನಿ" ಎಂದು ನೆಪ ಹೂಡಿ ಅವಳ ತೋಳಿಗೆ ಟೇಪು ಸುತ್ತಿದೆ. ಕೆಲವು ದಿನ ಬಿಟ್ಟು ಮತ್ತೆ ಸುತ್ತಿದೆ, ಒಂದು ಗೆರೆ ಹೆಚ್ಚು. ಮತ್ತೊಮ್ಮೆ ಸುತ್ತಿದೆ, ಇನ್ನೊಂದು ಗೆರೆ. ಜಿಮ್ಮಿನ ಒಡೆಯ ಕಣ್ಣ ಮುಂದೆ ಬಂದು ತೊಡೆ ತಟ್ಟಿದ.

ಒಳಗಿಟ್ಟ ಭ್ರೂಣ ಹಿಡಿದಿದೆಯೇ ಎಂದು ತಿಳಿಯುವ ರಕ್ತ ಪರೀಕ್ಷೆಯ ದಿನ ಫಲಿತಾಂಶಕ್ಕೆ ಕಾಯುತ್ತ ಡಾಕ್ಟರಮ್ಮನ ಎದುರು ಕೂತಿದ್ದೆವು. ನನ್ನವಳ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ಅದನ್ನು ನೋಡಲಾರದೆ ಬಾಯಿಬಿಟ್ಟೆ.

"ಡಾಕ್ಟ್ರೇ, ಇವಳ ತೋಳು ಬೆಳೀತಿದೆ. ಅಳೆದಿದೀನಿ."

ಹೆಂಡತಿ ನಿಧಾನವಾಗಿ ನನ್ನತ್ತ ತಿರುಗಿದಳು. "ಕೋಟಿಗೆ ಅಂದ್ರಲ್ಲ?"

"ಎಲ್ಲಿ, ಅಳೀರಿ ನೋಡೋಣ," ಎಂದರು ಡಾಕ್ಟರಮ್ಮ.

ಟೇಪು ನನ್ನ ಕೊರಳಲ್ಲೇ ಇತ್ತು (ಮದುವೆಯ ದಿನವೂ ಇತ್ತು). ಸುತ್ತಿದೆ. ಡಾಕ್ಟರಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಟೇಪಿನೊಳಗೆ ನಿಮ್ಮ ಬೆರಳು ಯಾಕಿದೆ?"

"ಸಡಿಲಕ್ಕೆ, ಡಾಕ್ಟ್ರೇ. ಬೆರಳಿಡದೆ ಅಳತೆ ತೆಗೆದರೆ ಬಟ್ಟೆ ಬಿಗಿಯುತ್ತೆ. ಯಾವ ದರ್ಜಿಯಾದರೂ..."

ಹೆಂಡತಿ ನನ್ನ ಬೆರಳನ್ನು ಹೊರಗೆಳೆದು ಬೆಳಕಿಗೆ ಹಿಡಿದಳು. ಉಂಗುರದ ಎರಡೂ ಬದಿಗೆ ಅದು ನಡುವೆ ದಾರ ಬಿಗಿದ ದಿಂಬಿನಂತೆ ಉಬ್ಬಿತ್ತು.

"ನನ್ನ ತೋಳು ಇದ್ದ ಹಾಗೇ ಇದೆ ಡಾಕ್ಟ್ರೇ. ಬೆಳೆದಿರೋದು ಇವರ ಬೆರಳು. ಬರೀ ಬೆಣ್ಣೆ."

ಗುಳಿಗೆ ನುಂಗಿದವಳು ಅವಳು, ಮೈಗೆ ಹತ್ತಿದ್ದು ನನಗೆ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಡಾಕ್ಟರಮ್ಮ ಎತ್ತಿ, ಕೇಳಿಸಿಕೊಂಡು, ಇಟ್ಟರು. ನನ್ನವಳ ಕಾಲು ಅಲ್ಲಾಡುವುದನ್ನು ನಿಲ್ಲಿಸಿತು.

"ಹಿಡಿದಿದೆ," ಎಂದರು. "ಈಗಲೇ ಊರಿಗೆಲ್ಲ ಸಾರಬೇಡಿ, ಇನ್ನೊಂದು ಪರೀಕ್ಷೆ ಆಗಲಿ."

ಹೊರಗೆ ಬಂದೆವು. ಮೆಟ್ಟಿಲ ಬಳಿ ಅವಳು ಕಂಬ ಹಿಡಿದು ನಿಂತಳು. ಎಷ್ಟೋ ದಿನಗಳ ಮೇಲೆ ಒಂದೇ ಕಡೆ, ಸುಮ್ಮನೆ. ನಾನೂ ಸುಮ್ಮನಿರಬೇಕಾದ ಗಳಿಗೆ ಅದೆಂದು ನನಗೂ ಗೊತ್ತಿತ್ತು. ಆದರೆ ಬಾಗಿಲ ಗಾಜಿನಲ್ಲಿ ನನ್ನ ಭವ್ಯ ಆಕೃತಿ ಕಂಡಿತು. ಎದೆ ಸೆಟೆಸಿ, ಕೋಟಿನ ಗುಂಡಿ ಹಾಕಲು ಹೋಗಿ, ಸೋತು, ಗಂಭೀರವಾಗಿ ಕೇಳಿದೆ:

"ನಿಜ ಹೇಳು. ನಾನು ಅಪ್ಪನ ಹಾಗೆ ಕಾಣ್ತೀನಾ?"

ಅವಳು ಕಣ್ಣೊರೆಸಿಕೊಂಡು ನನ್ನ ಹೊಟ್ಟೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಸದ್ಯಕ್ಕೆ ಅಮ್ಮನ ಹಾಗೆ ಕಾಣ್ತಿದೀರಿ."