ಬೈಸಿಕೊಳ್ಳಲು ಹೋಗುವ ಭಾವ

ನಮ್ಮ ಭಾವ ಶಾಲೆಗೆ ಹೋಗುವುದು ಇಂಗ್ಲಿಷ್ ಕಲಿಸಲಿಕ್ಕಲ್ಲ, ಬೈಸಿಕೊಳ್ಳಲಿಕ್ಕೆ! ನಂಬಿಕೆ ಬರಲಿಲ್ಲವೇ? ಶಿವಾಜಿನಗರದ ಇಸ್ಲಾಮಿಕ್ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಕನ್ನಡ ಮೇಡಂ. ಅಲ್ಲಿ ಇಂಗ್ಲಿಷ್ ಮಾತಾಡಿಸಲು ಒಬ್ಬರು ಬೇಕೆಂದಾಗ, ನಿವೃತ್ತರಾಗಿ ಜೀವನ್ ಬಿಮಾ ನಗರದಲ್ಲಿ ಅಕ್ಕನ ತಲೆ ತಿನ್ನುತ್ತಿದ್ದ ಇವರ ಹೆಸರು ಹೇಳಿದವಳೂ ನಾನೇ. ಬೀದೀಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು.

ತರಗತಿ ಶುರುವಾದ ಕೂಡಲೇ ಮಕ್ಕಳು ಅವರನ್ನು ಇಂಗ್ಲಿಷಿನಲ್ಲಿ ಬೈಯಬೇಕು. ಅದೇ ಪಾಠ! "ಪಾಠ ಒಪ್ಸೋಕೆ ಹೆದರ್ತಾರೆ ಕಣೇ, ಬೈಯೋಕೆ ಯಾರು ಹೆದರ್ತಾರೆ?" ಎನ್ನುತ್ತಾರೆ ಭಾವ. ಬೈಯಲು ಕಾರಣ ಬೇಡವೇ? ಅದಕ್ಕೇ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ. ಅಕ್ಕ ಇಸ್ತ್ರಿ ಮಾಡಿಕೊಟ್ಟ ಅಂಗಿಯನ್ನು ಹಲಸೂರು ಬರುವಷ್ಟರಲ್ಲಿ ಬಸ್ಸಿನಲ್ಲೇ ಮುದುರಿ, ಗುಂಡಿ ತಪ್ಪಿಸಿ ಹಾಕಿಕೊಳ್ಳುತ್ತಾರೆ!

ನಮ್ಮಿಬ್ಬರ ತರಗತಿಗಳ ನಡುವೆ ಇರುವುದೊಂದು ಪ್ಲೈವುಡ್ ಹಲಗೆ. ನಾನಿಲ್ಲಿ ವಿಭಕ್ತಿ ಪ್ರತ್ಯಯ ಹೇಳಿಕೊಡುತ್ತಿದ್ದರೆ ಅಲ್ಲಿ, "ಸರ್, ಯುವರ್ ಶರ್ಟ್ ವೆರಿ ಬ್ಯಾಡ್!"

"ಸಾರಿ, ಮೇಡಂ!"

ತಲೆ ಕೆಟ್ಟು ಹಲಗೆ ತಟ್ಟಿದರೆ ಭಾವನಿಂದ ನನಗೂ ಅದೇ "ಸಾರಿ, ಮೇಡಂ!" ನನ್ನ ತರಗತಿಯೂ ಗೊಳ್ಳೆನ್ನುತ್ತದೆ. ಕರ್ಮ!

ಬೈಯದೇ ಉಳಿದವಳು ಸುಮಯ್ಯಾ ಒಬ್ಬಳೇ. "ಬಾಯೇ ಬಿಡಲ್ಲ ಕಣೇ. ಹೀಗೇ ಆದ್ರೆ ಕ್ಲಾಸ್ ಬಿಡಿಸ್ತೀನಿ ಅಂತಾರೆ ಅವಳ ಅಬ್ಬಾ," ಎಂದು ಭಾವ ಒಂದು ಭಾನುವಾರ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

"ಒಂದ್ಸಲ ಗದರಿಸಿ ನೋಡಿ," ಎಂದೆ.

"ಗದರಿಸಿದ್ರೆ ಅಳು ಬರತ್ತೆ, ಇಂಗ್ಲಿಷ್ ಬರಲ್ಲ."

ಮರುದಿನ ಅವಳಿಗೋಸ್ಕರವೇ ಸ್ವೆಟರನ್ನು ಒಳಹೊರಗು ಮಾಡಿ ಹಾಕಿಕೊಂಡು ಹೋದರು. ನನ್ನ ಮಾನ ಹೋಯಿತು. ಸುಮಯ್ಯಾ ಬರೀ ನೋಡಿದಳು.

ಆಮೇಲೆ ಭಾವನಿಗೆ ಡೆಂಗ್ಯೂ ಬಂತು. ಹಲಗೆಯಾಚೆ ಶಾಂತಿಯೋ ಶಾಂತಿ. ಆದರೆ ನಾಲ್ಕು ದಿನಕ್ಕೇ ಅದೂ ಬೇಜಾರಾಯಿತು ನೋಡಿ!

ಕೊನೆಗೂ ಇಳಿದುಹೋದ ಮೈಯಲ್ಲಿ ಬಂದರು. ಅಕ್ಕನೇ ಗುಂಡಿ ಹಾಕಿ ಕಳಿಸಿದ್ದಳು, ಬೈಯಲು ಏನೂ ಇರಲಿಲ್ಲ. ಆಗ ಹಲಗೆಯಾಚೆಯಿಂದ ನಾನೆಂದೂ ಕೇಳದ ದನಿ ಬಂತು: "ಸರ್! ವೈ ಯು ನಾಟ್ ಕಮಿಂಗ್? ಎವ್ರಿಡೇ ಐ ಲುಕ್ ದಿ ಡೋರ್. ಐ ಆಮ್ ವೆರಿ ಆಂಗ್ರಿ!"

ಓಡಿಹೋಗಿ ಇಣುಕಿದೆ. ಸುಮಯ್ಯಾ ಕಣ್ಣು ತುಂಬಿಕೊಂಡು ನಿಂತಿದ್ದಳು. ಸದಾ ನಾಲಿಗೆ ತುದಿಯಲ್ಲಿರುತ್ತಿದ್ದ "ಸಾರಿ" ಭಾವನಿಗೆ ಹೊರಡಲೇ ಇಲ್ಲ. ಕನ್ನಡದಲ್ಲೇ, "ಇನ್ಮೇಲೆ ತಪ್ಪಿಸಲ್ಲಮ್ಮಾ," ಎಂದರು.

"ಇಂಗ್ಲಿಷ್‌ನಲ್ಲಿ ಹೇಳಿ, ಸರ್!" ಎಂದು ಅವಳು ಗದರಿದಳು.

ತರಗತಿಯೆಲ್ಲ ಬೆಂಚು ಗುದ್ದಿ ಕೂಗಾಡಿತು. ಅವತ್ತು ನಾನು ಹಲಗೆ ತಟ್ಟಲಿಲ್ಲ.