ಮಾವನ ಹೊಗೆ ನುಂಗುವ ಒಲೆ

ಹೈದರಾಬಾದಿನಲ್ಲಿ ಏರ್‌ಕೂಲರ್ ರಿಪೇರಿ ಮಾಡುವವರು ಗಲ್ಲಿಗೊಬ್ಬರು ಸಿಗುತ್ತಾರೆ. ಆದರೆ ಮನೆ ಬೆಚ್ಚಗಿರಲೆಂದು ಹಾಲ್‌ನಲ್ಲಿ ಕಬ್ಬಿಣದ ಕಟ್ಟಿಗೆ ಒಲೆ ಕೂಡಿಸಿಕೊಂಡ ಮಹಾನುಭಾವರು ನನಗೆ ತಿಳಿದಂತೆ ಇಡೀ ಊರಿಗೆ ಒಬ್ಬರೇ, ನನ್ನ ಸೋದರಮಾವ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದಲೋ ಎಂದು ಕೇಳಬೇಡಿ. ಆ ಒಲೆಯ ಚಿಮಣಿ ಕೊಳವೆಯನ್ನು ಬೇಗಂ ಬಜಾರ್‌ನಿಂದ ಮಲ್ಕಾಜ್‌ಗಿರಿಯವರೆಗೆ ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದವನು ನಾನೇ.

ಮಾವ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದವರು. ತನ್ನಷ್ಟಕ್ಕೆ ತಾನೇ ಏಳುವ, ತಾನೇ ಬೀಳುವ ಯಂತ್ರ ಕಂಡರೆ ಬೇರೆಯವರು ಮೊಮ್ಮಕ್ಕಳನ್ನು ನೋಡುವ ಹಾಗೆ ನೋಡುತ್ತಾರೆ. ನಿವೃತ್ತರಾದ ವರ್ಷ ಹಳೆಯ ಸಹೋದ್ಯೋಗಿಯ ಮಗಳ ಮದುವೆಗೆಂದು ಶಿಮ್ಲಾ ಕಡೆ ಹೋದರು. ಜೊತೆಗೆ ಹೋದವರೆಲ್ಲ ಹಿಮ ನೋಡಿ ಬಂದರು. ಮಾವ ಬೀಗರ ಮನೆಯ ಒಲೆ ನೋಡಿ ಬಂದರು.

ಅದು ಸಾಮಾನ್ಯ ಒಲೆಯಲ್ಲವಂತೆ. ಅದಕ್ಕೊಂದು ಥರ್ಮೋಸ್ಟಾಟ್ ಇದೆ. ಕೋಣೆ ಬೆಚ್ಚಗಾದರೆ ಲೋಹದ ಸುರುಳಿಯೊಂದು ಹಿಗ್ಗಿ, ಒಳಗೆ ಗಾಳಿ ಹೋಗುವ ಕಿಂಡಿಯನ್ನು ತಾನೇ ಮುಚ್ಚುತ್ತದೆ, ತಣ್ಣಗಾದರೆ ತೆರೆಯುತ್ತದೆ. ಮೇಲೆ ಜೇನುಹುಟ್ಟಿನಂಥ ಒಂದು ಪಿಂಗಾಣಿ ಬಿಲ್ಲೆ ಇದೆ, ಅದರ ಹೆಸರು ಕ್ಯಾಟಲಿಸ್ಟ್. ಅದು ಕಾದ ಮೇಲೆ ಅದರ ತೂತುಗಳಲ್ಲಿ ಹಾಯುವ ಹೊಗೆಯೂ ಉರಿದು ಶಾಖವಾಗುತ್ತದೆ. ಇಷ್ಟನ್ನು ಮಾವ ಊಟದ ತಟ್ಟೆಯಲ್ಲಿ ಚಟ್ನಿಪುಡಿಯಿಂದ ಗೆರೆ ಎಳೆದು ವಿವರಿಸಿದರು. ಅತ್ತೆ ಕೊನೆಯವರೆಗೂ ಕೇಳಿ, "ಈ ಊರಾಗ ಥಂಡಿ ಬೀಳೋದು ವರ್ಷಕ್ಕ ಎಂಟು ದಿನ. ಅದಕ್ಕ ಎರಡು ರಗ್ಗು ಸಾಕಾಗಂಗಿಲ್ಲೇನ್ರಿ?" ಎಂದರು.

"ರಗ್ಗಿಗೆ ಥರ್ಮೋಸ್ಟಾಟ್ ಇರಂಗಿಲ್ಲ," ಎಂದರು ಮಾವ. ಅಲ್ಲಿಗೆ ಚರ್ಚೆ ಮುಗಿಯಿತು.

ಆಮೇಲಿನ ಆರು ತಿಂಗಳು ನನ್ನ ಭಾನುವಾರಗಳೆಲ್ಲ ಆ ಒಲೆಗೆ ಅರ್ಪಿತವಾದವು. ನಾನು ಅವರ ಮನೆಯಿಂದ ಎರಡೇ ಗಲ್ಲಿ ದೂರದಲ್ಲಿದ್ದೇನೆ, ಅದೇ ನನ್ನ ತಪ್ಪು. ಬೇಗಂ ಬಜಾರ್‌ನ ಅಂಗಡಿಯವನೊಬ್ಬ ನಮ್ಮ ಕೈಯಲ್ಲಿದ್ದ ಕೊಳವೆ ನೋಡಿ, "ಹೋಟಲ್ ಡಾಲ್ರೇ ಕ್ಯಾ ಚಾಚಾ?" ಎಂದು ಪ್ರೀತಿಯಿಂದ ಕೇಳಿದ. ಮಾವ ಹೋಟೆಲ್ ಇಡಲು ಅಲ್ಲ, ಮನೆ ಬಿಸಿ ಮಾಡಲು ಎಂದರು. ಆತ ನನ್ನ ಕಡೆ ತಿರುಗಿ, ನನಗೆ ಮಾತ್ರ ಕಾಣುವಂತೆ, ಇವರಿಗೆ ಎಷ್ಟು ದಿನದಿಂದ ಹೀಗೆ ಎಂದು ಹುಬ್ಬಿನಲ್ಲೇ ಕೇಳಿದ. ಒಲೆಯ ಪೆಟ್ಟಿಗೆಯನ್ನು ಜೀಡಿಮೆಟ್ಲಾದ ಒಂದು ವೆಲ್ಡಿಂಗ್ ಶೆಡ್‌ನಲ್ಲಿ ಮಾಡಿಸಿದೆವು. ಸುರುಳಿಯನ್ನು ಮಾವ ಕೈಯಾರೆ ಕೂಡಿಸಿದರು. ಬಿಲ್ಲೆ ಮಾತ್ರ ಪರದೇಶದಿಂದ ಪಾರ್ಸಲ್‌ನಲ್ಲಿ ಬಂತು. ಅದು ಬಂದ ದಿನ ಮಾವ ಮನೆಯಲ್ಲಿರಲಿಲ್ಲ. ಅತ್ತೆ ಅದನ್ನು ಶಾವಿಗೆ ಒತ್ತುವ ಬಿಲ್ಲೆ ಎಂದುಕೊಂಡು ಚೆನ್ನಾಗಿ ತೊಳೆದು, ಒರೆಸಿ, ಅಡುಗೆಮನೆಯಲ್ಲಿ ತೂಗುಹಾಕಿದ್ದರು.

ಉದ್ಘಾಟನೆ ಒಂದು ಮಧ್ಯಾಹ್ನ ನಡೆಯಿತು. ಅಕ್ಕಪಕ್ಕದವರೆಲ್ಲ ಬಂದಿದ್ದರು. ಮಾವ ಕಟ್ಟಿಗೆ ಹೊತ್ತಿಸಿದರು. ತಾರಸಿಯ ಮೇಲಿನ ಕೊಳವೆಯಿಂದ ಹೊಗೆ ಬಂತು, ಜನ ತಲೆದೂಗಿದರು. ಬಿಲ್ಲೆ ಕಾದ ಮೇಲೆ ಮಾವ ಹಿಡಿಕೆ ತಿರುಗಿಸಿ ಹೊಗೆಯನ್ನು ಅದರೊಳಗೆ ಬಿಟ್ಟರು. ಹೊಗೆ ಪೂರ್ತಿ ಮಾಯವಾಯಿತು. ಪಕ್ಕದ ಮನೆಯ ತೆಲುಗು ಮೇಷ್ಟ್ರು ಅಂಗಳದಿಂದ ಕೊಳವೆ ನೋಡಿ, ಒಲೆ ಆರಿತೆಂದೇ ತಿಳಿದು, "ಆರಿಪೋಯಿಂದಿ ಸಾರ್," ಎಂದು ಮರುಕದಿಂದ ಹೇಳಿದರು. ಆರಿಲ್ಲ, ಹೊಗೆಯೇ ಉರಿಯುತ್ತಿದೆ ಎಂದು ಮಾವ ಅವರ ಕೈ ಹಿಡಿದು ಒಳಗೆ ಕರೆತಂದು ತೋರಿಸುವಷ್ಟರಲ್ಲಿ ಒಲೆ ನಿಜವಾಗಿಯೂ ಆರುತ್ತಿತ್ತು. ಯಾಕೆಂದರೆ ಮಾವ ಥರ್ಮೋಸ್ಟಾಟನ್ನು ಇಪ್ಪತ್ತೆರಡು ಡಿಗ್ರಿಗೆ ಇಟ್ಟಿದ್ದರು, ಹಾಲ್ ಮೊದಲೇ ಇಪ್ಪತ್ತೇಳರಲ್ಲಿತ್ತು. ಇನ್ನು ನನ್ನ ಅಗತ್ಯವಿಲ್ಲ ಎಂದು ಒಲೆ ಕಿಂಡಿ ಮುಚ್ಚಿಕೊಂಡಿತ್ತು. ಮೂರು ಸಲ ಹೊತ್ತಿಸಿದರೂ ಮೂರು ಸಲವೂ ಅದು ಅಷ್ಟೇ ಮರ್ಯಾದೆಯಿಂದ ನಿರಾಕರಿಸಿತು.

ಮಾವನಿಗೆ ಅವಮಾನವಾಗಿರಬೇಕು ಎಂದುಕೊಂಡಿರಾ? ಅವರ ಮುಖ ಅರಳಿತ್ತು. "ನೋಡಿದ್ಯಾ? ಒಲಿಗೆ ಎಷ್ಟು ಬುದ್ಧಿ ಐತಿ," ಎಂದರು.

"ಇರಲಿ ಬಿಡ್ರಿ," ಎಂದರು ಅತ್ತೆ. "ಮನ್ಯಾಗ ಯಾರಿಗರೆ ಒಬ್ಬರಿಗೆ ಇರಬೇಕಲ್ಲ."

ಎರಡು ವರ್ಷ ಆ ಬುದ್ಧಿವಂತ ಒಲೆ ಸುಮ್ಮನೆ ಕೂತಿತು. ಅತ್ತೆ ಅದರ ತಲೆಯ ಮೇಲೆ ಉಪ್ಪಿನಕಾಯಿ ಭರಣಿಗಳನ್ನು ಸಾಲಾಗಿ ಇಟ್ಟರು. ಮಾವ ಮಾತ್ರ ತಯಾರಿ ಬಿಡಲಿಲ್ಲ. ತಾರಸಿಯ ಮೇಲೆ ಜಾಲಿ ಕಟ್ಟಿಗೆ ಒಟ್ಟಿ ಒಣಗಿಸಿದರು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು, ತಬಲಾ ಶ್ರುತಿ ಮಾಡುವವರಂತೆ ಕಿವಿಗೊಟ್ಟು, ಇದು ಇನ್ನೂ ಹಸಿ, ಇದು ಆಯಿತು ಎಂದು ಬೇರೆ ಬೇರೆ ಮಾಡುತ್ತಿದ್ದರು. ಬಣ್ಣ ಹಚ್ಚಿದ ಹಲಗೆಯನ್ನು ಯಾರಾದರೂ ಸುಡುವುದು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಆ ಹೊಗೆ ಮನುಷ್ಯರಿಗೂ ಕೆಟ್ಟದ್ದು, ಕ್ಯಾಟಲಿಸ್ಟಿಗೂ ಕೆಟ್ಟದ್ದು. ಇವೆರಡರಲ್ಲಿ ಅವರಿಗೆ ಯಾವುದರ ಚಿಂತೆ ಹೆಚ್ಚೆಂಬುದು ನಮಗೆ ಖಾತ್ರಿಯಿರಲಿಲ್ಲ.

ಮೂರನೆಯ ಚಳಿಗಾಲದಲ್ಲಿ ಅವರ ಮನೆಯ ಹಿಂದೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಕೆಲಸಕ್ಕೆ ಬಂದವರಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ ಇದ್ದರು. ತಗಡಿನ ಶೆಡ್‌ನಲ್ಲಿ ವಾಸ. ಹೆಂಡತಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಆಸ್ಪತ್ರೆಯಿಂದ ಬಿಟ್ಟು ಎರಡು ದಿನವಾಗಿತ್ತು. ಅದೇ ವಾರ ಊರಿಗೆ ಎಂದೂ ಇಲ್ಲದ ಥಂಡಿ ಬಂತು. ಬೆಳಗ್ಗೆ ಎಂಟಕ್ಕೂ ಜನ ಬಾಯಿಂದ ಹಬೆ ಬಿಡುತ್ತ ಹಾಲು ತರಲು ಹೋಗುತ್ತಿದ್ದರು.

ಅಂಥ ಒಂದು ಬೆಳಗ್ಗೆ ನಾನು ಮಾವನ ಮನೆಯಲ್ಲಿದ್ದಾಗ ಶೆಡ್ ಕಡೆಯಿಂದ ಕಪ್ಪು ಹೊಗೆ ಎದ್ದಿತು. ಮಾವ ಮೂಗು ಅಗಲಿಸಿ, ಹಸಿರು ಬಣ್ಣದ ಹಲಗೆ ಎಂದು ಘೋಷಿಸಿ, ಮಂಕಿಕ್ಯಾಪ್ ಏರಿಸಿಕೊಂಡು ಜಗಳಕ್ಕೆ ಹೊರಟರು. ಜಗಳ ಬಿಡಿಸಲು ನಾನು ಹಿಂದೆ ಓಡಿದೆ.

ಶೆಡ್‌ನ ಬಾಗಿಲಲ್ಲಿ ಸಿಮೆಂಟ್ ಚೀಲದ ಮೇಲೆ ಆ ಹೆಂಗಸು ಕೂತಿದ್ದಳು. ಮುಂದೆ ಬಾಂಡ್ಲಿಯಲ್ಲಿ ಹಲಗೆ ಚೂರುಗಳ ಬೆಂಕಿ, ಸೆರಗಿನೊಳಗೆ ಕೂಸು. ಮಾವ ಹೊಗೆಯ ಬಗ್ಗೆ ಬಾಯಿ ತೆರೆದರು. ಅವರ ಕನ್ನಡ ಕೇಳಿದ್ದೇ ಆಕೆ, ಎಷ್ಟೋ ದಿನದಿಂದ ಯಾರಿಗಾದರೂ ಹೇಳಬೇಕೆಂದು ಕಾದಿದ್ದವಳಂತೆ, "ಯಪ್ಪಾ, ಕೂಸಿನ ಅಂಗಾಲು ಬೆಚ್ಚಗ ಆಗವಲ್ವು ನೋಡ್ರಿ," ಎಂದಳು.

ಮಾವ ಬಗ್ಗಿ ಎರಡು ಬೆರಳಿನಿಂದ ಆ ಅಂಗಾಲು ಮುಟ್ಟಿದರು. ಅವರ ಹೆಬ್ಬೆರಳಿನಷ್ಟೂ ಇರಲಿಲ್ಲ ಅದು. ಹೊಗೆಯ ಮಾತು ಅಲ್ಲಿಗೇ ನಿಂತಿತು. "ಏಳವ್ವಾ," ಎಂದರು, ಅಷ್ಟೇ.

ನಾವು ಮನೆ ಮುಟ್ಟುವಷ್ಟರಲ್ಲಿ, ಕಿಟಕಿಯಿಂದ ನೋಡಿದ್ದ ಅತ್ತೆ ಒಲೆಯ ಮೇಲಿನ ಭರಣಿಗಳನ್ನು ಇಳಿಸುತ್ತಿದ್ದರು. ಮಾವ ಕಟ್ಟಿಗೆ ಜೋಡಿಸಿದರು. ಎರಡು ಕಡ್ಡಿ ಆರಿದವು. ಮೂರನೆಯದಕ್ಕೆ ಹೊತ್ತಿತು. ಬಿಲ್ಲೆ ಕಾಯಿತು, ಹೊಗೆ ಹೋಯಿತು. ಆ ದಿನ ಹಾಲ್ ಹದಿನಾರು ಡಿಗ್ರಿಯಲ್ಲಿತ್ತು. ಮಾವ ಇಪ್ಪತ್ತೆಂಟಕ್ಕೆ ತಿರುಗಿಸಿದರು. ಗಾಳಿಗೆಂದು ಒಂದು ಕಿಟಕಿ ಬೆರಳಗಲ ತೆರೆದಿಟ್ಟು, ಕುರ್ಚಿ ಎಳೆದುಕೊಂಡು ಕೂತರು. ಕಿಂಡಿ ಪೂರಾ ತೆರೆದುಕೊಂಡಿತು, ಬೆಂಕಿ ಗುಂಯ್ ಎಂದಿತು. ಹತ್ತೂವರೆಯ ಹೊತ್ತಿಗೆ ಕಿಂಡಿ ತಾನೇ ಸ್ವಲ್ಪ ಮುಚ್ಚಿತು. ಮಾವ ಅದನ್ನು ನೋಡಲೂ ಇಲ್ಲ. ಅತ್ತೆ ಕೂಸಿನ ಅಂಗಾಲು ಮುಟ್ಟಿ, "ಬೆಚ್ಚಗಾದ್ವು," ಎಂದಾಗ ಅವರು ಎದ್ದು ಕಟ್ಟಿಗೆ ತರುವ ನೆಪದಲ್ಲಿ ತಾರಸಿಗೆ ಹೋದರು.

ತಾಯಿ, ಮಗು ಅಲ್ಲೇ ಉಳಿದರು. ಗಂಡ ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು ಕೂಸನ್ನು ನೋಡಲು ಬರುತ್ತಿದ್ದ. ಮಾವ ಅವನನ್ನು ಒಲೆಯ ಬಳಿ ಕೂರಿಸಿ ಕ್ಯಾಟಲಿಸ್ಟ್ ವಿವರಿಸುತ್ತಿದ್ದರು. ದಿನವಿಡೀ ಇಟ್ಟಿಗೆ ಹೊತ್ತವನು ಆ ಬಿಸಿಗೆ ಎರಡನೆಯ ವಾಕ್ಯಕ್ಕೇ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಇಷ್ಟು ಶಾಂತವಾಗಿ ಕೇಳುವವರು ಸಿಕ್ಕಿರಲಿಲ್ಲ ಎಂದು ಮಾವ ನನಗೆ ಹೇಳಿದರು.

ಕೂಸು ಮೈ ತುಂಬಿಕೊಂಡಿತು. ಥಂಡಿ ಹೋಗಿ ಫೆಬ್ರವರಿ ಬಂತು. ಒಲೆ ತನ್ನ ಹಳೆಯ ಸ್ವಭಾವಕ್ಕೆ ಮರಳಿ, ಹೊತ್ತಿಸಿದರೂ ಉರಿಯಲೊಪ್ಪಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಆ ಹೆಂಗಸು ಬಟ್ಟೆ ಗಂಟು ಕಟ್ಟಿಕೊಂಡು ನಿಂತಿದ್ದಳು. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿತ್ತು.

"ಸೆಕಿ ಆಗಾಕತ್ತೈತ್ರಿ ಯಪ್ಪಾ," ಎಂದಳು ನಗುತ್ತ. "ಇನ್ನ ಶೆಡ್ಡಿಗೆ ಹೊಕ್ಕೀನ್ರಿ."

ಮಾವ ಕೂಸನ್ನು ಎತ್ತಿಕೊಂಡಿದ್ದರು. ಅವರ ಹಣೆಯಿಂದ ಬೆವರು ಇಳಿದು ಕನ್ನಡಕದ ಅಂಚಿನಲ್ಲಿ ನಿಂತಿತ್ತು. "ಭಾಳ ಥಂಡಿ ಐತವ್ವಾ ಇನ್ನೂ," ಎಂದರು. "ಎರಡು ದಿನ ತಡಿ."

ಅತ್ತೆ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಫ್ಯಾನಿನ ಬಟನ್ ಆಫ್ ಮಾಡಿ, ಸೆರಗನ್ನು ಭುಜದ ತುಂಬ ಹೊದ್ದುಕೊಂಡು ಕೂತರು.