ಚಾಚಿದ ಕೈಯೂ ಒತ್ತಾವಿಯೊ ಮೇಷ್ಟ್ರೂ

“ನೋಡ್ತಿರು ಎರ್ಸಿಲಿಯಾ! ಕತ್ತಿವರಸೆ ಪಾಠ ಅಂದ್ರೆ ಹೇಗಿರಬೇಕು ಅಂತ ಇಡೀ ಲಿವೊರ್ನೊ ಊರಿಗೇ ತೋರಿಸ್ತೀನಿ!”

ಒತ್ತಾವಿಯೊ ಮೇಷ್ಟ್ರು ಮೀನುಸಾರಿನ ಮುಂದೆ ಕೂತು ಘೋರ ಪ್ರತಿಜ್ಞೆ ಮಾಡಿದರು. ಅವರ ಕತ್ತಿವರಸೆ ಕ್ಲಬ್ಬು ನಡೆಯುತ್ತಿದ್ದುದು ಚರ್ಚಿನ ಹಾಲ್‌ನಲ್ಲಿ. ಪಾದ್ರಿ ದೋನ್ ಎಜಿದಿಯೊ ಶನಿವಾರ ಪಾಠ ನೋಡಲು ಬರುವವರಿದ್ದರು. ಮೆಚ್ಚಿದರೆ ಹಾಲ್‌ನ ಕೀಲಿ ಮೇಷ್ಟ್ರಿಗೆ, ಇಲ್ಲದಿದ್ದರೆ ಟ್ಯಾಂಗೋ ಕುಣಿಯುವವರಿಗೆ. ಹಾಲ್ ಹೋದರೆ ಕಾಫಿಯ ಹಾಲಿಗೂ ತತ್ವಾರ!

“ಅದೇನು ಪಾಠಾನೋ ಹೇಳಿ, ಸಾರು ಆರ್ತಿದೆ” ಎಂದಳು ಹೆಂಡತಿ ಎರ್ಸಿಲಿಯಾ.

“ಹೊಸಬರಿಗೆ ಒಂದೇ ಪಾಠ. ಎದುರಿನವನು ಕೈ ಚಾಚಿದನೋ, ಹಿಂದಕ್ಕೆ ಸರಿ! ಪಳಗಿದವರಿಗೆ ಅದರ ಮುಂದಿನದು. ಚಾಚಿದ ಕೈಯ ಕತ್ತಿಗೆ ಪಕ್ಕಕ್ಕೊಂದು ಏಟು, ಆಮೇಲೆ ಮುನ್ನುಗ್ಗು! ನಿದ್ದೆಗಣ್ಣಲ್ಲೂ ತಪ್ಪಬಾರದು, ಹಾಗೆ ರೂಢಿ ಮಾಡಿಸ್ತೀನಿ.”

ಮಾಡಿಸಿದರು! ಇಡೀ ವಾರ ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡರು. ರಾತ್ರಿ ಹಾಸಿಗೆಯಲ್ಲೂ “ಹಿಂದಕ್ಕೆ! ಹಿಂದಕ್ಕೆ!” ಎಂದು ಕನವರಿಸಿ ಎರ್ಸಿಲಿಯಾಳನ್ನು ಗೋಡೆಗೆ ಒತ್ತರಿಸಿದರು.

ಶನಿವಾರ ಪಾದ್ರಿಗಳು ಬಂದರು. ಶಿಷ್ಯರು ಎರಡು ಸಾಲಾಗಿ ನಿಂತ ಠೀವಿಗೇ ಮರುಳಾದರು.

“ಆಹಾ! ಇನ್ನು ನೋಡೋದೇನಿದೆ? ಹಾಲ್ ನಿಮ್ಮದೇ!” ಎನ್ನುತ್ತಾ ಜೇಬಿನಿಂದ ಕೀಲಿ ತೆಗೆದು, ಮೇಷ್ಟ್ರಿಗೆ ದಾಟಿಸಲೆಂದು ಹತ್ತಿರವಿದ್ದ ಹೊಸಬರ ಸಾಲಿನತ್ತ ಕೈ ಚಾಚಿದರು.

ಇಡೀ ಸಾಲು ಹಿಂದಕ್ಕೆ ಸರಿಯಿತು!

“ಹೆದರಬೇಡ್ರಪ್ಪಾ, ತಗೊಳ್ಳಿ” ಎಂದು ಪಾದ್ರಿಗಳು ಮುಂದೆ ಹೋದರು. ಸಾಲು ಮತ್ತೆ ಹಿಂದಕ್ಕೆ! ಹೀಗೇ ಸರಿಯುತ್ತಾ ಸರಿಯುತ್ತಾ ಹೊಸಬರೆಲ್ಲ ಬಾಗಿಲು ದಾಟಿ ಬೀದಿ ಸೇರಿದರು.

“ಹೋಗಲಿ, ನೀನಾದರೂ ತಗೋಮ್ಮ” ಎಂದು ಪಾದ್ರಿಗಳು ಪಳಗಿದವರ ಸಾಲಿನ ಫಿಯಮ್ಮೆತ್ತಾ ಎಂಬ ಹುಡುಗಿಯತ್ತ ತಿರುಗಿ ಕೈ ಚಾಚಿದ್ದೇ ತಡ, ಟಣ್! ಅವಳ ಕತ್ತಿಯ ಏಟಿಗೆ ಕೀಲಿ ಹಾರಿ ನೀರಿನ ಬಕೆಟ್ಟಿಗೆ ಬಿತ್ತು. ಮರುಗಳಿಗೆ ಕತ್ತಿಯ ಮೊಂಡುತುದಿ ಪಾದ್ರಿಗಳ ಹೊಟ್ಟೆಯ ಮೇಲೆ!

“ಅಯ್ಯೋ ಫಾದರ್, ಕ್ಷಮಿಸಿ! ಕೈ ತಾನಾಗೇ ಹೋಯ್ತು!” ಎಂದು ಹುಡುಗಿ ಅಳುವುದೊಂದು ಬಾಕಿ.

ಮೇಷ್ಟ್ರು ತಲೆ ಮೇಲೆ ಕೈ ಹೊತ್ತರು. ಮುಗಿಯಿತು, ಇನ್ನು ಟ್ಯಾಂಗೋನೇ ಗತಿ! ಪಾದ್ರಿಗಳು ಮಾತ್ರ ಬಕೆಟ್ಟಿಗೆ ಕೈ ಹಾಕಿ ಕೀಲಿ ತೆಗೆದು, ನಿಲುವಂಗಿಗೆ ಒರೆಸಿದರು.

“ಮೇಷ್ಟ್ರೇ, ಓಡೋದು ಕಲಿಸಿದ್ದೀರಿ, ಹೊಡೆಯೋದು ಕಲಿಸಿದ್ದೀರಿ. ಕೊಟ್ಟದ್ದನ್ನ ತಗೊಳ್ಳೋದು ಯಾವಾಗ ಕಲಿಸ್ತೀರಿ? ಬನ್ನಿ, ನೀವೇ ತಗೊಳ್ಳಿ!” ಎಂದು ನಗುತ್ತಾ ಕೈ ಚಾಚಿದರು.

ಮೇಷ್ಟ್ರು ಟಕ್ಕನೆ ಹಿಂದಕ್ಕೆ ಸರಿದರು!

ಪಾಠ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಎರ್ಸಿಲಿಯಾ ದಡದಡ ಬಂದು ಕೀಲಿ ಕಿತ್ತುಕೊಂಡಳು.

“ಇಲ್ಲಿ ಕೊಡಿ ಫಾದರ್. ಮನೇಲೂ ಇವರದ್ದು ಇದೇ ವರಸೆ. ತೊಳೀರಿ ಅಂತ ಒಂದು ತಟ್ಟೆ ಚಾಚಿ ನೋಡಿ, ನೇರ ಬೀದಿಗೇ!”